ರಾಜ್ಯದ ವಕೀಲರು ಯಾರ ವಕೀಲರು?

2025ರ ಡಿಸೆಂಬರಿನಲ್ಲಿ ನಮ್ಮ ಬದಲಾಪುರದವರು ಬಹು ದಿನಗಳ ಮೇಲೆ ಊರಿನ ಕಾರಭಾರಿಗಳನ್ನು ಆರಿಸಲು ಮತಗಟ್ಟೆಗೆ ಹೋದರು. ಕುಳಗಾಂವ-ಬದಲಾಪುರ ನಗರ ಪರಿಷತ್ತಿಗೆ ಅದಕ್ಕೂ ಮುಂಚೆ ಚುನಾವಣೆ ನಡೆದದ್ದು 2015ರಲ್ಲಿ. ಆ ಸಭೆಯ ಅವಧಿ 2020ರಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಮಿಕ್ಕಿ ಊರನ್ನು ಆಡಳಿತಾಧಿಕಾರಿಗಳೇ ನೋಡಿಕೊಂಡರು. ನಳದಲ್ಲಿ ನೀರು ಬಾರದಿದ್ದರೆ, ಗಟಾರ ತುಂಬಿ ಹರಿದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದೇ ಜನರಿಗೆ ತಿಳಿಯದಂತಾಗಿತ್ತು. ಈ ಸಲ ವಾರ್ಡಿನ ಸದಸ್ಯರನ್ನಲ್ಲದೆ ಅಧ್ಯಕ್ಷರನ್ನೂ ನೇರವಾಗಿ ಮತ ಕೊಟ್ಟು ಆರಿಸಿದ್ದಾಯಿತು. ನಮ್ಮ ಕನ್ನಡ ಮನೆಗಳ ಹಿರಿಯರೂ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದು ಸಂತೋಷಪಟ್ಟರು.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಇನ್ನೊಂದು ಕುರ್ಚಿಯನ್ನು ತುಂಬಬೇಕಾಗಿ ಬಂದುದನ್ನು ಗಮನಿಸಿದವರು ಕಡಿಮೆ. ಅದು ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್ ಅವರ ಕುರ್ಚಿ. ಮರಾಠಿಯಲ್ಲಿ ಮಹಾಧಿವಕ್ತಾ ಎನ್ನುತ್ತಾರೆ. 2022ರ ಡಿಸೆಂಬರಿನಿಂದ ಆ ಸ್ಥಾನದಲ್ಲಿದ್ದ ಬೀರೇಂದ್ರ ಸರಾಫರು 2025ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಮುಂದಿನ ಏರ್ಪಾಡಾಗುವ ತನಕ ಕೆಲಸ ಮುಂದುವರಿಸಬೇಕೆಂದು ಸರಕಾರ ಅವರನ್ನು ಕೇಳಿಕೊಂಡಿತು. ಇದಕ್ಕಾಗಿ ಮತಗಟ್ಟೆ ಇಲ್ಲ, ಮೆರವಣಿಗೆ ಇಲ್ಲ, ಧ್ವನಿವರ್ಧಕದ ಕಾಟವೂ ಇಲ್ಲ. ಮಂತ್ರಿಮಂಡಲ ಹೆಸರು ಸೂಚಿಸುವುದು, ರಾಜ್ಯಪಾಲರು ನೇಮಿಸುವುದು, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುವುದು: ಅಲ್ಲಿಗೆ ಮುಗಿಯಿತು.

ನಗರ ಪರಿಷತ್ತಿನ ಅಧ್ಯಕ್ಷರನ್ನು ನಾವು ಆರಿಸಬಹುದಾದರೆ, ಇಡೀ ರಾಜ್ಯದ ಪರವಾಗಿ ಹೈಕೋರ್ಟಿನಲ್ಲಿ ನಿಲ್ಲುವ ವಕೀಲರನ್ನು ಏಕೆ ಆರಿಸಬಾರದು? ಕಾಯ್ದೆ ಓದುವ ಹುಡುಗರು ಈ ಪ್ರಶ್ನೆ ಕೇಳುವುದುಂಟು. ಹಿರಿಯರು ನಕ್ಕು ಸುಮ್ಮನಾಗುವುದೂ ಉಂಟು. ನಗುವ ಪ್ರಶ್ನೆಯಲ್ಲವೆಂದು ನಮಗೆ ತೋರಿದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಈ ಹುದ್ದೆ ಎಂಥದೆಂದು ತಿಳಿಯೋಣ. ನಮ್ಮ ಸಂವಿಧಾನದ 165ನೆಯ ವಿಧಿಯಂತೆ ಪ್ರತಿಯೊಂದು ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರತಕ್ಕದ್ದು. ಹೈಕೋರ್ಟಿನ ನ್ಯಾಯಾಧೀಶರಾಗುವ ಅರ್ಹತೆ ಅವರಿಗಿರಬೇಕು. ಎಂದರೆ ಕನಿಷ್ಠ ಹತ್ತು ವರ್ಷ ಹೈಕೋರ್ಟಿನಲ್ಲಿ ವಕೀಲಿ ಮಾಡಿರಬೇಕು, ಇಲ್ಲವೇ ಹತ್ತು ವರ್ಷ ನ್ಯಾಯಾಂಗದ ಹುದ್ದೆಯಲ್ಲಿದ್ದಿರಬೇಕು. ಕಾಯ್ದೆಯ ವಿಷಯಗಳಲ್ಲಿ ಸರಕಾರಕ್ಕೆ ಸಲಹೆ ಕೊಡುವುದು ಅವರ ಮುಖ್ಯ ಕೆಲಸ. 177ನೆಯ ವಿಧಿಯಂತೆ ಅವರು ವಿಧಾನ ಮಂಡಲಕ್ಕೆ ಬಂದು ಮಾತಾಡಬಹುದು, ಆದರೆ ಮತ ಹಾಕುವಂತಿಲ್ಲ. ನ್ಯಾಯಾಲಯವನ್ನು ನಿಂದಿಸಿದನೆಂದು ಒಬ್ಬ ಸಾಮಾನ್ಯ ಪ್ರಜೆ ಇನ್ನೊಬ್ಬನ ಮೇಲೆ ಹೈಕೋರ್ಟಿಗೆ ಹೋಗಬೇಕಾದರೆ, 1971ರ ಕಾಯ್ದೆಯಂತೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕು. ಇಷ್ಟು ದೊಡ್ಡ ಹುದ್ದೆಗೆ ಅವಧಿ ಎಷ್ಟು? ಅವಧಿಯೇ ಇಲ್ಲ. ರಾಜ್ಯಪಾಲರ ಇಚ್ಛೆ ಇರುವ ತನಕ. ರಾಜ್ಯಪಾಲರ ಇಚ್ಛೆ ಎಂದರೆ ಮಂತ್ರಿಮಂಡಲದ ಇಚ್ಛೆ ಎಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಮೆರಿಕದ ಮಾತು. ಅಲ್ಲಿ ರಾಜ್ಯದ ಈ ಅಧಿಕಾರಿಗೆ ಅಟಾರ್ನಿ ಜನರಲ್ ಎಂದು ಹೆಸರು. ನಮ್ಮಲ್ಲಿ ಆ ಹೆಸರು ಕೇಂದ್ರ ಸರಕಾರದ ವಕೀಲರಿಗೆ ಮೀಸಲು. ಅಲ್ಲಿಯ 50 ರಾಜ್ಯಗಳಲ್ಲಿ 43 ರಾಜ್ಯಗಳ ಜನ ತಮ್ಮ ಅಟಾರ್ನಿ ಜನರಲ್ ಅವರನ್ನು ಮತ ಕೊಟ್ಟು ಆರಿಸುತ್ತಾರೆ. ಐದು ರಾಜ್ಯಗಳಲ್ಲಿ ಗವರ್ನರು ನೇಮಿಸುತ್ತಾರೆ. ಮೇನ್ ಎಂಬಲ್ಲಿ ಶಾಸನಸಭೆ ಗುಪ್ತಮತದಿಂದ ಆರಿಸುತ್ತದೆ. ಟೆನೆಸೀ ಎಂಬ ರಾಜ್ಯದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೇ ಎಂಟು ವರ್ಷಗಳ ಅವಧಿಗೆ ನೇಮಿಸುತ್ತಾರೆ. ಒಂದೇ ದೇಶದಲ್ಲಿ ನಾಲ್ಕು ಪದ್ಧತಿಗಳು!

ಇದ್ದವರೇ ಮತ್ತೆ ನಿಂತರೆ ಚುನಾವಣೆ ಅಷ್ಟೇನೂ ಕಾವೇರುವುದಿಲ್ಲ. ಇದ್ದವರು ಬಿಟ್ಟುಹೋಗಿ ಸ್ಥಾನ ತೆರವಾದಾಗ ಮಾತ್ರ ನೋಡಬೇಕು. 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಾಗೆಯೇ ಆಯಿತು. ಅಟಾರ್ನಿ ಜನರಲ್ ಆಗಿದ್ದ ಜೆರ್ರಿ ಬ್ರೌನರು ಗವರ್ನರ್ ಪದವಿಗೆ ನಿಂತರು. ತೆರವಾದ ಸ್ಥಾನಕ್ಕೆ ಸ್ಪರ್ಧಿಸಿದವರು ಕಮಲಾ ಹ್ಯಾರಿಸ್ ಮತ್ತು ಸ್ಟೀವ್ ಕೂಲಿ. ಕಮಲಾ ಅವರ ತಾಯಿ ನಮ್ಮ ಮದರಾಸಿನ ಕಡೆಯವರು; ಮುಂದೆ 2021ರಲ್ಲಿ ಈಕೆ ಅಮೆರಿಕದ ಉಪಾಧ್ಯಕ್ಷೆಯಾದದ್ದು ಎಲ್ಲರಿಗೂ ಗೊತ್ತು. ಮತದಾನ ನಡೆದದ್ದು ನವೆಂಬರ್ 2ರಂದು. ಆ ರಾತ್ರಿ ತಾವೇ ಗೆದ್ದೆವೆಂದು ಕೂಲಿಯವರು ಸಾರಿದರು. ಎಣಿಕೆ ಮೂರು ವಾರ ನಡೆದು, ಕೊನೆಗೆ ಸುಮಾರು 74 ಸಾವಿರ ಮತಗಳ ಅಂತರದಲ್ಲಿ ಅವರು ಸೋತರು. ಸೋಲಿಗೆ ಕಾರಣಗಳು ಹಲವಿರಬಹುದು. ಆದರೆ ಗುಮಾಸ್ತರಾದ ನಮಗೆ ನೆನಪಿನಲ್ಲಿ ಉಳಿದದ್ದು ಒಂದು. ಚರ್ಚೆಯೊಂದರಲ್ಲಿ, ಹಳೆಯ ಹುದ್ದೆಯ ಪೆನ್ಶನ್ನು ಮತ್ತು ಹೊಸ ಹುದ್ದೆಯ ಸಂಬಳ ಎರಡನ್ನೂ ತೆಗೆದುಕೊಳ್ಳುವಿರಾ ಎಂದು ಕೇಳಿದಾಗ ಕೂಲಿಯವರು ಹೌದೆಂದರು. ಎದುರಾಳಿಗಳು ಆ ಉತ್ತರವನ್ನೇ ದೂರದರ್ಶನದ ಜಾಹೀರಾತು ಮಾಡಿ ಮನೆಮನೆಗೆ ಮುಟ್ಟಿಸಿದರು. ಪೆನ್ಶನ್ನಿನ ಲೆಕ್ಕದಿಂದ ವಕೀಲನ ಯೋಗ್ಯತೆ ತಿಳಿಯುತ್ತದೆಯೇ ಎಂದು ಕೇಳಬಹುದು. ಚುನಾವಣೆ ಎಂದ ಮೇಲೆ ಇವೆಲ್ಲ ಬಂದೇ ಬರುತ್ತವೆ.

ಹಾಗೆಂದು ಆ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಮಿಸಿಸಿಪಿ ರಾಜ್ಯದ ಉದಾಹರಣೆ ನೋಡಿ. ಹೊಗೆಸೊಪ್ಪಿನಿಂದ ರೋಗಿಗಳಾದ ಬಡವರ ಔಷಧೋಪಚಾರಕ್ಕೆ ಸರಕಾರದ ಬೊಕ್ಕಸದಿಂದ ಹಣ ಹೋಗುತ್ತಿದೆ, ಅದನ್ನು ಸಿಗರೇಟಿನ ಕಂಪನಿಗಳೇ ಭರಿಸಬೇಕೆಂದು 1994ರಲ್ಲಿ ಮೊದಲ ದಾವೆ ಹೂಡಿದವರು ಅಲ್ಲಿಯ ಅಟಾರ್ನಿ ಜನರಲ್ ಮೈಕ್ ಮೂರ್. ಅವರ ರಾಜ್ಯದ ಗವರ್ನರಿಗೆ ಇದು ಸರಿಬೀಳಲಿಲ್ಲ. ದಾವೆಯನ್ನು ನಿಲ್ಲಿಸಬೇಕೆಂದು ಗವರ್ನರೇ ನ್ಯಾಯಾಲಯಕ್ಕೆ ಹೋದರು. ಮೂರ್ ಜಗ್ಗಲಿಲ್ಲ. ಬೇರೆ ರಾಜ್ಯದವರೂ ಅದೇ ದಾರಿ ಹಿಡಿದರು. 1998ರ ನವೆಂಬರಿನಲ್ಲಿ 46 ರಾಜ್ಯಗಳೊಡನೆ ಕಂಪನಿಗಳು ರಾಜಿ ಮಾಡಿಕೊಂಡು, 25 ವರ್ಷಗಳಲ್ಲಿ 206 ಶತಕೋಟಿ ಡಾಲರು ಕೊಡಲು ಒಪ್ಪಿದವು. ಮೂರ್ ಅವರು ಗವರ್ನರಿನಿಂದ ನೇಮಕಗೊಂಡವರಾಗಿದ್ದರೆ ಆ ದಾವೆ ಮೇಜಿನ ಖಾನೆಯಲ್ಲೇ ಉಳಿಯುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ. ಜನರ ಮತದಿಂದ ಬಂದವನಿಗೆ ತನ್ನ ಸರಕಾರದ ಎದುರಿನಲ್ಲೂ ಬೆನ್ನು ನೇರ ಮಾಡಿ ನಿಲ್ಲುವ ಧೈರ್ಯ ಇರುತ್ತದೆ.

ನಮ್ಮಲ್ಲಿ ಆ ಧೈರ್ಯ ಇಲ್ಲವೇ ಇಲ್ಲವೆನ್ನಬಾರದು. ಎಚ್. ಎಂ. ಸೀರವಾಯಿಯವರು 1957ರಿಂದ 1974ರ ತನಕ, ಹದಿನೇಳು ವರ್ಷ, ಮೊದಲು ಮುಂಬಯಿ ರಾಜ್ಯಕ್ಕೂ 1960ರಿಂದ ಮಹಾರಾಷ್ಟ್ರಕ್ಕೂ ಅಡ್ವೊಕೇಟ್ ಜನರಲ್ ಆಗಿದ್ದರು. ಮುಖ್ಯಮಂತ್ರಿಗಳು ಬದಲಾದರು, ಅವರು ಬದಲಾಗಲಿಲ್ಲ. ಅವರಿಗೂ ಕನ್ನಡ ನಾಡಿನ ಅಂಚಿಗೂ ಒಂದು ಸಂಬಂಧವುಂಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ, ಸ್ವಾಮಿಗಳ ಪರವಾಗಿ ವಾದಿಸಿದವರು ನಾನೀ ಪಾಲ್ಖೀವಾಲಾ. ಕೇರಳದ ಪರವಾಗಿ ವಾದಿಸಿದವರು ಇದೇ ಸೀರವಾಯಿ. ಹದಿಮೂರು ನ್ಯಾಯಾಧೀಶರ ಮುಂದೆ 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟು ಕೂಡ ಕೆಡಿಸುವಂತಿಲ್ಲವೆಂಬ ಮಾತು ಅಂದಿನಿಂದ ಸ್ಥಿರವಾಯಿತು. ಸೀರವಾಯಿಯವರ ವಾದ ಇದಕ್ಕೆ ವಿರುದ್ಧವಾಗಿತ್ತು. ಆದರೆ ತುರ್ತು ಪರಿಸ್ಥಿತಿಯನ್ನು ಕಣ್ಣಾರೆ ಕಂಡ ಮೇಲೆ, ಸಂವಿಧಾನವನ್ನು ಕುರಿತ ತಮ್ಮ ದೊಡ್ಡ ಗ್ರಂಥದ ಮುಂದಿನ ಮುದ್ರಣದಲ್ಲಿ ಅವರು ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಸತ್ಯ ಕಂಡಾಗ ಒಪ್ಪುವ ಮನಸ್ಸು ವಕೀಲರಿಗೆ ದೊಡ್ಡ ಭೂಷಣ.

ಕರ್ನಾಟಕದಲ್ಲಿ ಐದು ಸಲ ಅಡ್ವೊಕೇಟ್ ಜನರಲ್ ಆಗಿದ್ದ ಬಿ. ವಿ. ಆಚಾರ್ಯರ ಹೆಸರನ್ನೂ ಇಲ್ಲಿ ಹೇಳಬೇಕು. ತಮಿಳುನಾಡಿನ ಜಯಲಲಿತಾ ಅವರ ಮೇಲಿನ ಮೊಕದ್ದಮೆ ಬೆಂಗಳೂರಿಗೆ ವರ್ಗವಾದ ಮೇಲೆ ಅದರ ವಿಶೇಷ ಸರಕಾರಿ ವಕೀಲರೂ ಅವರೇ ಆಗಿದ್ದರು. ಎರಡರಲ್ಲಿ ಒಂದನ್ನು ಬಿಡಬೇಕೆಂಬ ಮಾತು 2012ರಲ್ಲಿ ಎದ್ದಾಗ, ಅವರು ಆ ಫೆಬ್ರವರಿಯಲ್ಲಿ ಹಿರಿದಾದ ಅಡ್ವೊಕೇಟ್ ಜನರಲ್ ಹುದ್ದೆಯನ್ನೇ ಬಿಟ್ಟು ಮೊಕದ್ದಮೆಯನ್ನು ಉಳಿಸಿಕೊಂಡರು. ಕಾರು, ಕಚೇರಿ, ಗೌರವ ಇರುವ ಕುರ್ಚಿಯಿಂದ ತಾವಾಗಿ ಎದ್ದುಬರುವವರು ನಮ್ಮಲ್ಲಿ ಎಷ್ಟು ಮಂದಿ?

ಆದರೆ ವ್ಯಕ್ತಿಗಳ ಗುಣವನ್ನೇ ನಂಬಿ ಕೂರುವುದು ಜಾಣತನವಲ್ಲ. ಇದೇ ಮಹಾರಾಷ್ಟ್ರದಲ್ಲಿ 2014ರ ಕೊನೆಯಿಂದ 2016ರ ಕೊನೆಯ ತನಕ, ಎರಡು ವರ್ಷಗಳಲ್ಲಿ ಆ ಕುರ್ಚಿಗೆ ಸುನೀಲ ಮನೋಹರ, ಶ್ರೀಹರಿ ಅಣೆ, ರೋಹಿತ ದೇವ ಎಂದು ಮೂವರು ಬಂದರು. ನಡುವೆ ಹಂಗಾಮಿ ವ್ಯವಸ್ಥೆಯೂ ಆಯಿತು. ಅಣೆಯವರು ವಿದರ್ಭ ಪ್ರತ್ಯೇಕ ರಾಜ್ಯವಾಗಬೇಕೆನ್ನುವವರು. 2016ರ ಮಾರ್ಚಿನಲ್ಲಿ ಮರಾಠವಾಡದ ವಿಷಯದಲ್ಲೂ ಭಾಷಣದಲ್ಲಿ ಅದನ್ನೇ ಹೇಳಿದರು. ವಿಧಾನ ಮಂಡಲದಲ್ಲಿ ಗದ್ದಲವೆದ್ದಿತು, ಎರಡೇ ದಿನಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅವರ ಅಭಿಪ್ರಾಯ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಹುದ್ದೆ ಎಷ್ಟು ತೆಳುವಾದ ನೂಲಿನಲ್ಲಿ ತೂಗುತ್ತಿದೆ ಎಂಬುದಷ್ಟನ್ನೇ ನಾವು ತೋರಿಸಬಯಸಿದ್ದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆ ನಮ್ಮಲ್ಲಿದೆ. ಸರಕಾರದ ಅನ್ನವುಂಡು ಸರಕಾರಕ್ಕೆ 'ಇದು ಆಗದು' ಎಂದು ಹೇಳುವುದು ಎರಡು ಬಗೆದಂತೆಯೇ? ಅಲ್ಲವೆಂದು ನಮ್ಮ ತಿಳಿವು. ಸರಕಾರಿ ಕಚೇರಿಯಲ್ಲಿ ದಿನವೂ ಕಡತ ಹೊರುವ ನಮಗೆ ಅವುಗಳ ಸ್ವಭಾವ ತಕ್ಕಮಟ್ಟಿಗೆ ಗೊತ್ತು. ಕೆಲವು ಕಡತಗಳು ಕಾಯ್ದೆ ಏನೆಂದು ತಿಳಿಯಲು ಹೋಗುತ್ತವೆ. ಇನ್ನು ಕೆಲವು, ಆಗಲೇ ಮಾಡಿದ ತೀರ್ಮಾನಕ್ಕೆ ಕೊಡೆ ಹಿಡಿಯುವವರನ್ನು ಹುಡುಕಿಕೊಂಡು ಹೋಗುತ್ತವೆ. 'ಆಗದು' ಎಂದು ಷರಾ ಬರೆಯುವ ಹಿರಿಯರಿರುವ ಕಚೇರಿಯಲ್ಲಿ ಕೆಲಸ ಸ್ವಲ್ಪ ನಿಧಾನ. ಆದರೆ ಆ ಕಚೇರಿಯವರಿಗೆ ರಾತ್ರಿ ನಿದ್ದೆ ಬರುತ್ತದೆ.

ಈಗ ನಮ್ಮ ಊರಿನ ಮಾತಿಗೆ ಬರೋಣ. 2024ರ ಆಗಸ್ಟಿನ ಆ ದಿನಗಳನ್ನು ಬದಲಾಪುರದ ಯಾವ ತಾಯಿಯೂ ಮರೆತಿಲ್ಲ. ಶಾಲೆಯೊಂದರಲ್ಲಿ ಬಾಲವಾಡಿಯ ಇಬ್ಬರು ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯಿತು. ಪೊಲೀಸರು ದೂರು ಬರೆದುಕೊಳ್ಳಲು ತಡಮಾಡಿದರೆಂದು ಜನ ಕೆರಳಿದರು. ಆಗಸ್ಟ್ 20ರಂದು ಸಾವಿರಾರು ಮಂದಿ ಸ್ಟೇಷನ್ನಿನ ಹಳಿಗಳ ಮೇಲೆ ನಿಂತುಬಿಟ್ಟರು. ಬೆಳಗಿನಿಂದ ಸಂಜೆಯ ತನಕ ಲೋಕಲ್ ಗಾಡಿಗಳು ಓಡಲಿಲ್ಲ. ಎರಡು ದಿನ ಕಳೆದು ಮುಂಬಯಿ ಹೈಕೋರ್ಟು ಯಾರ ಅರ್ಜಿಗೂ ಕಾಯದೆ ತಾನಾಗಿಯೇ ವಿಷಯವನ್ನು ಎತ್ತಿಕೊಂಡಿತು. ಆಗ ಸರಕಾರದ ಪರವಾಗಿ ಎದ್ದು ನಿಂತವರು ಅಡ್ವೊಕೇಟ್ ಜನರಲ್ ಸರಾಫರು. ಎರಡನೆಯ ಮಗುವಿನ ಹೇಳಿಕೆಯನ್ನು ದಾಖಲಿಸಲು ತಡವೇಕೆ ಎಂಬಂಥ ಪ್ರಶ್ನೆಗಳನ್ನು ನ್ಯಾಯಾಧೀಶರು ಕೇಳಿದರು. ಉತ್ತರ ಕೊಡುವ ಹೊಣೆ ಅವರ ಮೇಲೆ ಬಿತ್ತು. ಮುಂದೆ ಶಾಲಾ ಮಕ್ಕಳ ಸುರಕ್ಷತೆಗಾಗಿ ಹೈಕೋರ್ಟು ರೂಪಿಸಿದ ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶೆಯರಾದ ಸಾಧನಾ ಜಾಧವ, ಶಾಲಿನಿ ಫಣಸಳಕರ ಜೋಶಿ ಮೊದಲಾದವರಿದ್ದರು.

ಹಳಿಯ ಮೇಲೆ ನಿಂತ ಜನರ ಕಣ್ಣಿಗೆ ಅಡ್ವೊಕೇಟ್ ಜನರಲ್ ಎಂದರೆ ಎದುರು ಪಕ್ಷದ ವಕೀಲ. ಆದರೆ ಸಾವಿರ ಮಂದಿಯ ಕೂಗಿಗೆ ಬಾಯಿ ಬಿಡದ ಸರಕಾರ ನ್ಯಾಯಾಲಯದ ಒಂದು ಪ್ರಶ್ನೆಗೆ ಬಾಯಿ ಬಿಡಲೇಬೇಕಾಯಿತು. ಆ ಬಾಯಿ ಈ ವಕೀಲರದು. ಅವರು ನ್ಯಾಯಾಧೀಶರಿಗೆ ಸುಳ್ಳು ಹೇಳಬಾರದು, ಮುಚ್ಚಿಡಬಾರದು. ಅವರು ಪ್ರಾಮಾಣಿಕರಾದಷ್ಟೂ ನಮ್ಮ ಮಕ್ಕಳಿಗೆ ಕ್ಷೇಮ.

ಇವರೇ ಚುನಾವಣೆಗೆ ನಿಲ್ಲಬೇಕಾಗಿದ್ದರೆ ಏನಾಗುತ್ತಿತ್ತು? ಆ ದಿನ ಸ್ಟೇಷನ್ನಿನಲ್ಲಿ ಕೇಳುತ್ತಿದ್ದ ಕೂಗು, ಆರೋಪಿಯನ್ನು ಗಲ್ಲಿಗೇರಿಸಿ ಎಂಬುದು. ಕೂಗಿದವರ ಸಂಕಟ ನಿಜವಾದದ್ದು. ಹೆತ್ತವರ ಕರುಳು ಅದು. ಆದರೆ ಮತ ಬೇಕಾದ ವಕೀಲರು ಆ ಕೂಗಿಗೆ ತಮ್ಮ ದನಿ ಸೇರಿಸದೆ ಇರುತ್ತಿದ್ದರೆ? ಸೆಪ್ಟೆಂಬರ್ 23ರಂದು ಆರೋಪಿಯು ಪೊಲೀಸರ ಬೆಂಗಾವಲಿನ ವಾಹನದಲ್ಲೇ ಗುಂಡೇಟಿನಿಂದ ಸತ್ತನು. ಊರಿನಲ್ಲಿ ಸಿಹಿ ಹಂಚಿದವರಿದ್ದರು. 2025ರ ಜನವರಿಯಲ್ಲಿ ಹೈಕೋರ್ಟಿಗೆ ಬಂದ ಮ್ಯಾಜಿಸ್ಟ್ರೇಟರ ವಿಚಾರಣಾ ವರದಿಯು ಆ ಸಾವಿಗೆ ಐವರು ಪೊಲೀಸರನ್ನು ಹೊಣೆ ಮಾಡಿತು. ಸಿಹಿ ಹಂಚಿದವರ ಮತವನ್ನು ನಂಬಿದ ವಕೀಲರು ಇಂಥ ವರದಿಯನ್ನು ಯಾವ ಮುಖದಿಂದ ಓದುತ್ತಿದ್ದರು? ಮಂತ್ರಿಯ ಕೃಪೆಯನ್ನು ನಂಬಿದವರಿಗೂ ಅದನ್ನು ಓದುವುದು ಸುಲಭವಲ್ಲ, ನಿಜ. ಆದರೆ ಮಂತ್ರಿ ಒಬ್ಬರು. ಅವರಿಗೆ ಕೋಣೆಯ ಬಾಗಿಲು ಹಾಕಿಕೊಂಡು ಬುದ್ಧಿ ಹೇಳಬಹುದು. ಜನಸಂದಣಿಗೆ ಬಾಗಿಲು ಎಲ್ಲಿಯದು?

ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಎಳೆಯೂ ಉಂಟು. ಬೆಳಗಾವಿಯ ಗಡಿಯ ವಿಷಯದಲ್ಲಿ ಮಹಾರಾಷ್ಟ್ರ ಸರಕಾರ ಕರ್ನಾಟಕದ ಮೇಲೆ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ನಾವು ತೆರಿಗೆ ಕೊಡುವ ರಾಜ್ಯ ವಾದಿ, ನಾವು ಹುಟ್ಟಿದ ರಾಜ್ಯ ಪ್ರತಿವಾದಿ. ಕಾಯ್ದೆ ಪುಸ್ತಕಗಳ ನಡುವೆ ಆ ಜಗಳ ನಡೆಯುತ್ತಿರುವ ತನಕ ಬದಲಾಪುರದಲ್ಲಿ ನಾವೂ ನೆರೆಯ ಮರಾಠಿ ಮನೆಯವರೂ ಗಣಪತಿಯ ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗಿಬಂದು ಸುಖವಾಗಿದ್ದೇವೆ. ಆದರೆ ಎರಡು ರಾಜ್ಯಗಳಲ್ಲೂ ಈ ಹುದ್ದೆಗೆ ಚುನಾವಣೆ ಎಂದಾದರೆ, ಎಲ್ಲ ಅಭ್ಯರ್ಥಿಗಳ ಮೊದಲ ಭಾಷಣ ಬೆಳಗಾವಿಯ ಮೇಲೆಯೇ ಆಗುತ್ತಿತ್ತು. ಇಲ್ಲಿ ಒಬ್ಬರು 'ಗೆದ್ದು ತರುತ್ತೇನೆ' ಎನ್ನುವುದು, ಅಲ್ಲಿ ಒಬ್ಬರು 'ಒಂದಿಂಚೂ ಬಿಡೆನು' ಎನ್ನುವುದು. ಭಾಷಣ ಮಾಡಿದವರು ಮನೆಗೆ ಹೋಗುತ್ತಾರೆ. ಅದರ ಬಿಸಿ ತಾಗುವುದು ಇಲ್ಲಿಯ ಕನ್ನಡಿಗನ ಅಂಗಡಿಗೂ ಅಲ್ಲಿಯ ಮರಾಠಿಗನ ಬಸ್ಸಿಗೂ. 2022ರ ಡಿಸೆಂಬರಿನಲ್ಲಿ ಗಡಿಯ ಎರಡು ಕಡೆಯೂ ವಾಹನಗಳ ಮೇಲೆ ಕಲ್ಲು ಬಿದ್ದದ್ದನ್ನು, ಮಸಿ ಬಳಿದದ್ದನ್ನು ನಾವು ಮರೆಯುವಂತಿಲ್ಲ. ಎಣಿಕೆಯಲ್ಲಿ ಕಡಿಮೆ ಇರುವವರಿಗೆ ರಾಜ್ಯದ ವಕೀಲರು ಮತ ಬೇಡದವರಾಗಿರುವುದೇ ಮೇಲು. ಇಲ್ಲಿ ನಾವು ಕಡಿಮೆ, ಬೆಳಗಾವಿಯಲ್ಲಿ ಅವರು ಕಡಿಮೆ. ನ್ಯಾಯ ಇಬ್ಬರಿಗೂ ಒಂದೇ.

ಹಾಗಾದರೆ ಇದ್ದದ್ದೇ ಇರಲಿ ಎನ್ನುವಿರಾ ಎಂದು ಕೇಳಬಹುದು. ಇಲ್ಲ. ಚುನಾವಣೆ ಬೇಡವೆಂದ ಮಾತ್ರಕ್ಕೆ ಮಂತ್ರಿಯ ಇಚ್ಛೆಯೇ ಸಾಕೆಂದಾಗುವುದಿಲ್ಲ. ಸರಕಾರದ ಲೆಕ್ಕ ತನಿಖೆ ಮಾಡುವ ಮಹಾಲೇಖಪಾಲರನ್ನು ನೋಡಿ. ಅವರನ್ನೂ ಜನ ಆರಿಸುವುದಿಲ್ಲ, ರಾಷ್ಟ್ರಪತಿಗಳು ನೇಮಿಸುತ್ತಾರೆ. ಆದರೆ ಅವರಿಗೆ ಆರು ವರ್ಷಗಳ ಅವಧಿಯುಂಟು. 65 ವರ್ಷ ತುಂಬುವುದು ಮೊದಲಾದರೆ ಅಲ್ಲಿಗೆ ಮುಗಿಯಿತು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ಕಠಿಣ ಕ್ರಮದಿಂದಲೇ ಹೊರತು ಅವರನ್ನು ತೆಗೆಯಲಾಗದು. ಹಣದ ಲೆಕ್ಕ ನೋಡುವವರಿಗೆ ಕೊಟ್ಟ ಭದ್ರತೆಯಲ್ಲಿ ನಾಲ್ಕಾಣೆಯನ್ನಾದರೂ ನ್ಯಾಯದ ಲೆಕ್ಕ ನೋಡುವವರಿಗೆ ಕೊಡಬಾರದೇ?

ಕಕ್ಷಿದಾರನಿಗೆ ವಕೀಲನ ಮೇಲೆ ನಂಬಿಕೆ ಬೇಕು, ನಂಬಿಕೆ ಇಲ್ಲದ ವಕೀಲನನ್ನು ಸರಕಾರದ ಕೊರಳಿಗೆ ಕಟ್ಟಲಾಗದೆಂಬ ವಾದದಲ್ಲಿ ಹುರುಳುಂಟು. ಆದುದರಿಂದ ನಾವು ಕೇಳುವುದು ಹೆಚ್ಚೇನಲ್ಲ. ಮೂರು ವರ್ಷದ್ದಾದರೂ ಒಂದು ಅವಧಿ ಇರಲಿ. ಅದಕ್ಕೂ ಮುಂಚೆ ತೆಗೆಯಬೇಕಾದರೆ ಕಾರಣವನ್ನು ಮಂತ್ರಿಗಳು ವಿಧಾನ ಮಂಡಲದಲ್ಲಿ ಹೇಳಲಿ. ತೆರವಾದ ಸ್ಥಾನವನ್ನು ಇಷ್ಟು ದಿನಗಳೊಳಗೆ ತುಂಬಬೇಕೆಂಬ ಕಟ್ಟಳೆ ಇರಲಿ. 177ನೆಯ ವಿಧಿ ಕೊಟ್ಟ ಮಾತಾಡುವ ಹಕ್ಕು ಪುಸ್ತಕದಲ್ಲೇ ಉಳಿಯದೆ, ದೊಡ್ಡ ಮಸೂದೆಗಳು ಬಂದಾಗ ಅಡ್ವೊಕೇಟ್ ಜನರಲ್ ಸದನಕ್ಕೆ ಬಂದು, ಇದು ಕಾಯ್ದೆಯ ಪರೀಕ್ಷೆಯಲ್ಲಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲವೆಂದು ಎಲ್ಲರ ಎದುರಿಗೆ ಹೇಳಲಿ. ಎಲ್ಲರ ಎದುರಿಗೆ ಹೇಳಿದ ಮಾತನ್ನು ಕಡತದ ಅಡಿಗೆ ಸೇರಿಸುವುದು ಯಾವ ಗುಮಾಸ್ತನಿಂದಲೂ ಆಗದು.

ವಾಚಕರಿಗೆ ನಮ್ಮದೊಂದು ಸಣ್ಣ ವಿನಂತಿ. ಊರಿನ ನಗರಸೇವಕರ ಹೆಸರು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ರಾಜ್ಯದ ವಕೀಲರ ಹೆಸರು ಹಿರಿಯರಿಗೂ ಗೊತ್ತಿಲ್ಲ. ಇನ್ನು ಮುಂದೆ ಪತ್ರಿಕೆಯ ಒಳಪುಟದ ಆ ನಾಲ್ಕು ಸಾಲುಗಳನ್ನು ದಾಟಿ ಹೋಗದಿರಿ. ಯಾರು ಬಂದರು, ಯಾರು ಹೋದರು, ಏಕೆ ಹೋದರು ಎಂಬುದನ್ನು ಮನೆಯಲ್ಲಿ ಊಟದ ಹೊತ್ತಿಗೆ ಒಂದು ಸಲ ಮಾತಾಡಿರಿ. ಮತ ಕೊಟ್ಟು ಆರಿಸಿದವರ ಮೇಲೆ ಐದು ವರ್ಷಕ್ಕೊಮ್ಮೆ ನಮ್ಮ ಕೈ ಇರುತ್ತದೆ. ಆರಿಸದವರ ಮೇಲೆ ನಮ್ಮ ಕಣ್ಣು ಮಾತ್ರ ಇರಲು ಸಾಧ್ಯ. ಅದನ್ನು ದಿನವೂ ಇಡಬೇಕು.